ತೊಗಟೆ ಕಳಚಿದ ಮೇಲೆ ಮರದ ಗುರುತೇನು?

ಮುಂಗಾರಿನ ಗಾಳಿಗೆ ಕೊಡಗಿನ ಕಾಫಿ ತೋಟದಲ್ಲಿ ಉರುಳಿದ ಮರಕ್ಕೆ ಅಂದು ಹೆಸರಿರುತ್ತದೆ. ಎಲೆ, ಕಾಯಿ, ತೊಗಟೆ ಕಂಡೊಡನೆ ತೋಟದ ರೈಟರು, ಲೈನ್ ಮನೆಯ ಹಿರಿಯರು ಅದು ನಂದಿಯೋ, ಮತ್ತಿಯೋ, ಹೆಬ್ಬಲಸೋ ಎಂಬುದನ್ನು ಹೇಳಿಬಿಡುತ್ತಾರೆ. ಅದೇ ಮರ ತುಂಡಾಗಿ, ಎರಡು ಮಳೆಗಾಲ ನೆನೆದು, ತೊಗಟೆ ಕಳಚಿ ಸಾಮಿಲ್ಲಿನ ಮೂಲೆಗೆ ಬಂದು ಬೀಳುವಷ್ಟರಲ್ಲಿ ಹೆಸರನ್ನು ಕಳೆದುಕೊಂಡಿರುತ್ತದೆ. ಆ ಬಳಿಕ ವ್ಯಾಪಾರದಲ್ಲಿ ಅದಕ್ಕೆ ಉಳಿಯುವುದು ಒಂದೇ ಹೆಸರು: ಕಾಡುಮರ. ಬೆಲೆಯೂ ಆ ಹೆಸರಿಗೆ ತಕ್ಕಂತೆಯೇ. ಬಹುಪಾಲು ಒಲೆಗೆ ಹೋಗುತ್ತದೆ.

ಒಲೆಯಿಂದ ತಪ್ಪಿಸಿಕೊಂಡ ತುಂಡುಗಳಲ್ಲಿ ಕೆಲವು ಲೇತ್ ಏರುತ್ತವೆ. ಬಟ್ಟಲು, ಹೂದಾನಿ, ಲೋಟ, ಲೇಖನಿ, ದೀಪದ ಕಂಬ ಎಂದು ಮರವನ್ನು ತಿರುಗಿಸಿ ಕಡೆಯುವ ಕಸುಬು ಇಂದು ಕುಲಕಸುಬಿನವರಿಗಷ್ಟೇ ಸೀಮಿತವಾಗಿಲ್ಲ. ನಗರಗಳಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಹವ್ಯಾಸಕ್ಕಾಗಿ ಕಡೆಯುವವರೂ ಇದ್ದಾರೆ. ಅವರ ಪೈಕಿ ಅನೇಕರಿಗೆ ಕಚ್ಚಾವಸ್ತು ದೊರೆಯುವುದು ಮಲೆನಾಡಿನ ಇಂತಹ ಅನಾಮಿಕ ತುಂಡುಗಳಿಂದಲೇ. ಕಡೆಯುವವನ ಮುಖ ತಿರುಗುವ ಮರದಿಂದ ಒಂದಡಿಯೂ ದೂರವಿರುವುದಿಲ್ಲ. ಏಳುವ ಪುಡಿಯೆಲ್ಲ ಅವನ ಕಣ್ಣು, ಮೂಗು, ಚರ್ಮಕ್ಕೆ. ಕೊಂಡವರು ಆ ಬಟ್ಟಲಿನಲ್ಲಿ ಹಣ್ಣು ಇಡುತ್ತಾರೆ, ಆ ಲೋಟದಲ್ಲಿ ನೀರು ಕುಡಿಯುತ್ತಾರೆ. ದಾರಿಯಲ್ಲಿ ಅರಣ್ಯ ತಪಾಸಣಾ ಠಾಣೆಯವರು ವಾಹನ ನಿಲ್ಲಿಸಿದರೆ ಮೊದಲು ಕೇಳುವುದು, ಇದು ಯಾವ ಮರ ಎಂದು. ಮೂವರಿಗೂ ಬೇಕಾದುದು ಒಂದೇ ಉತ್ತರ. ಕಾಡುಮರ ಎಂಬುದು ಆ ಉತ್ತರವಲ್ಲ.

ಚನ್ನಪಟ್ಟಣದ ಬೊಂಬೆ ತಯಾರಕರಿಗೆ ಈ ತೊಡಕು ಬಹುಕಾಲ ಇರಲಿಲ್ಲ. ಅವರ ಕಸುಬು ನಿಂತದ್ದೇ ಆಲೆಮರ ಎಂಬ ಒಂದು ಮರದ ಮೇಲೆ. ಬಿಳಿಯ ಬಣ್ಣ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು, ಒಳಗೂ ಹೊರಗೂ ಒಂದೇ ಹದ. ಅರಗಿನ ಬಣ್ಣ ಹಚ್ಚಲು ಇದಕ್ಕಿಂತ ಒಳ್ಳೆಯ ಮೈ ಬೇರಿಲ್ಲ. ಆಲೆಮರ ವಿರಳವಾದ ಮೇಲೆ ಅಲ್ಲಿಗೂ ರಬ್ಬರ್ ಮರ ಮತ್ತಿತರ ನಾಟಾ ಬಂದವು, ಆದರೂ ಬಣ್ಣದ ಹೊದಿಕೆಯ ಕೆಳಗೆ ಮರದ ಗುರುತು ಮರೆಯಾಗುತ್ತದೆ. ಕೊಡಗಿನ ಮರವನ್ನು ಕಡೆಯುವವರು ಮಾತ್ರ ಮರದ ಸ್ವಂತ ಬಣ್ಣ, ಗೆರೆಗಳನ್ನೇ ಮಾರುವವರು. ಅವರಿಗೆ ಗುರುತೇ ಬಂಡವಾಳ.

ಕೊಡಗಿನಲ್ಲಿ ಗುರುತು ಕಷ್ಟವಾಗಲು ಭೂಗೋಳವೇ ಮೊದಲ ಕಾರಣ. ಪಶ್ಚಿಮಕ್ಕೆ ಭಾಗಮಂಡಲ, ಗಾಳಿಬೀಡು ಕಡೆಯ ನಿತ್ಯಹರಿದ್ವರ್ಣ ಕಾಡು. ಪೂರ್ವಕ್ಕೆ ಕುಶಾಲನಗರ, ತಿತಿಮತಿ ಕಡೆಯ ಎಲೆ ಉದುರುವ ಕಾಡು. ನಡುವೆ, ದೇಶದ ಕಾಫಿಯ ಸುಮಾರು ಮೂರನೇ ಒಂದು ಭಾಗ ಬೆಳೆಯುವ ತೋಟಗಳು. ಈ ತೋಟಗಳು ಕಾಡನ್ನು ಪೂರ್ತಿ ಕಡಿದು ಮಾಡಿದವಲ್ಲ. ಕಾಡಿನ ಮರಗಳನ್ನೇ ನೆರಳಿಗೆ ಉಳಿಸಿಕೊಂಡವು. ಹೀಗಾಗಿ ಒಂದೇ ತೋಟದಲ್ಲಿ ಹತ್ತಾರು ಜಾತಿಯ ಮರಗಳು ಸಿಗುವುದು ಸಾಮಾನ್ಯ. ಜೊತೆಗೆ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಇಳಿಜಾರಿನ ತೋಟಗಳ ಮರಗಳು ಮಣ್ಣಿನೊಡನೆ ಕೆಳಗಿಳಿದು ಹೊಳೆಯ ಪಾಲಾದವು. ಹಾಗೆ ತೇಲಿ ಬಂದ ದಿಮ್ಮಿಗೆ ತೊಗಟೆಯೂ ಇರುವುದಿಲ್ಲ, ತವರೂ ಇರುವುದಿಲ್ಲ.

ಒಂದು ಹೆಸರು, ಹಲವು ಮರ

ಹೆಸರು ಸಿಕ್ಕಿತೆಂದರೂ ಕೆಲಸ ಮುಗಿಯುವುದಿಲ್ಲ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುವ ಜಿಲ್ಲೆಯಿದು. ಕನ್ನಡದ ಬೀಟೆ ಗಡಿ ದಾಟಿದರೆ ಈಟಿ. ಹೊನ್ನೆ ಎಂದರೆ ಕೆಚ್ಚು ಹೊಂಬಣ್ಣದ, ಗಾಯವಾದರೆ ಕೆಂಪು ಅಂಟು ಸುರಿಸುವ ಕಾಡಿನ ಮರ. ಸುರಹೊನ್ನೆ ಎಂದರೆ ಬೇರೆಯೇ ಕುಟುಂಬಕ್ಕೆ ಸೇರಿದ, ಕಾಯಿಯಿಂದ ಎಣ್ಣೆ ತೆಗೆಯುವ ಮರ. ಎರಡಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ.

ದೇವದಾರುವಿನ ಪ್ರಕರಣ ಇನ್ನೂ ಸೋಜಿಗದ್ದು. ಹಿಮಾಲಯದ ದೇವದಾರು ಸೂಜಿ ಎಲೆಯ ಮರ. ಕೊಡಗಿನ ಕಾಡು ಮತ್ತು ದೇವರಕಾಡುಗಳಲ್ಲಿ ಬೆಳೆಯುವ ಬಿಳಿ ದೇವದಾರಿ ಬೇವಿನ ಕುಟುಂಬದ್ದು. ಎರಡಕ್ಕೂ ಸುವಾಸನೆಯಿದೆ, ಹೆಸರು ಬಂದದ್ದೂ ಬಹುಶಃ ಆ ಕಾರಣಕ್ಕೇ. ಆದರೆ ಅಡ್ಡಕೊಯ್ತದ ಮುಖವನ್ನು ಮಸೂರದಲ್ಲಿ ನೋಡಿದರೆ ಕ್ಷಣಾರ್ಧದಲ್ಲಿ ಬೇರೆಯಾಗುತ್ತವೆ: ಸೂಜಿ ಎಲೆಯ ಮರಗಳಲ್ಲಿ ನೀರು ಸಾಗಿಸುವ ದೊಡ್ಡ ನಳಿಕೆಗಳೇ ಇಲ್ಲ, ಆದ್ದರಿಂದ ರಂಧ್ರಗಳೂ ಕಾಣುವುದಿಲ್ಲ. ಅಗಲ ಎಲೆಯ ಮರಗಳಲ್ಲಿ ರಂಧ್ರಗಳಿದ್ದೇ ಇರುತ್ತವೆ. ನಾಟಾ ಗುರುತಿಸುವ ವಿದ್ಯೆಯ ಮೊದಲ ಪಾಠ ಇದೇ.

ಪೇಟೆಯ ಹೆಸರುಗಳು ಇದಕ್ಕಿಂತಲೂ ಜಾಣತನದವು. ತೇಗ ಎಂಬ ಮಾತು ಸೇರಿದರೆ ಬೆಲೆ ಏರುತ್ತದೆ ಎಂಬುದು ವ್ಯಾಪಾರಿಗಳಿಗೆ ತಿಳಿದಿದೆ. ಬರ್ಮಾ ತೇಗ ನಿಜವಾದ ತೇಗವೇ. ಆಫ್ರಿಕನ್ ತೇಗ ಎಂದು ಮಾರುವುದು ಬಹುತೇಕ ತೇಗದ ಕುಲಕ್ಕೇ ಸೇರದ ಮರ.

ಅಡ್ಡಕೊಯ್ತದಲ್ಲಿ ಬರೆದದ್ದು

ಮರದ ಮೇಲ್ಮೈಯ ಬಣ್ಣವನ್ನು ನಂಬಿ ಹೆಸರು ಹೇಳುವುದು ಎಲ್ಲರೂ ಮಾಡುವ, ಬಹುಪಾಲು ತಪ್ಪಾಗುವ ಕೆಲಸ. ಬಿಸಿಲು, ಮಳೆ, ಧೂಳು ಸೇರಿ ಎಲ್ಲ ಮರವನ್ನೂ ಒಂದೇ ಬೂದು ಬಣ್ಣಕ್ಕೆ ತರುತ್ತವೆ. ಮೊದಲು ಹಳೆಯ ಪದರವನ್ನು ಕೊಯ್ದು ತೆಗೆದು ಹೊಸ ಮೈ ಕಾಣಬೇಕು. ಬಳಿಕ ಅಡ್ಡಕೊಯ್ತದ ಮುಖದಲ್ಲಿ, ಕೆಚ್ಚಿನ ಭಾಗದಲ್ಲಿ, ಹರಿತವಾದ ಬ್ಲೇಡಿನಿಂದ ಉಗುರಗಲದ ಜಾಗವನ್ನು ಒಂದೇ ಎಳೆತಕ್ಕೆ ನುಣ್ಣಗೆ ಕತ್ತರಿಸಬೇಕು. ಗರಗಸದ ಗುರುತಿದ್ದರೆ ಏನೂ ಕಾಣದು. ಮರಳುಕಾಗದದಿಂದ ಉಜ್ಜಿದರೆ ಪುಡಿ ರಂಧ್ರಗಳನ್ನು ತುಂಬಿಬಿಡುತ್ತದೆ. ಒಂದು ಹನಿ ನೀರು ಸವರಿ, ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರವನ್ನು ಕಣ್ಣಿಗೆ ಒತ್ತಿಹಿಡಿದು, ಮರವನ್ನು ಅದರ ಹತ್ತಿರಕ್ಕೆ ತರಬೇಕು. ಅಕ್ಕಸಾಲಿಗರು ಬಳಸುವ ಮಸೂರವೇ ಸಾಕು.

ಅಲ್ಲಿ ಕಾಣುವುದು ಮೂರು ಬಗೆಯ ಬರಹ. ಒಂದು, ನೀರಿನ ನಳಿಕೆಗಳ ಬಾಯಿಗಳಾದ ರಂಧ್ರಗಳು. ಎರಡು, ಮರದ ನಡುವಿನಿಂದ ತೊಗಟೆಯ ಕಡೆಗೆ ಚಕ್ರದ ಅರಗಳಂತೆ ಸಾಗುವ ಕಿರಣರೇಖೆಗಳು. ಮೂರು, ರಂಧ್ರಗಳ ಸುತ್ತಲೋ ಅವುಗಳ ನಡುವೆ ಪಟ್ಟಿಗಳಾಗಿಯೋ ಕಾಣುವ ತಿಳಿಬಣ್ಣದ ಮೃದು ಅಂಗಾಂಶ. ಈ ಮೂರರ ಜೋಡಣೆ ಒಂದೊಂದು ಕುಲದ ಮರಕ್ಕೆ ಒಂದೊಂದು ತೆರ. ಅಡಿಕೆಯನ್ನು ಹೋಳು ಮಾಡಿ ಒಳಗಿನ ಗೆರೆ ನೋಡಿ ತಳಿ ಹೇಳುವವರು ಮಲೆನಾಡಿನಲ್ಲಿದ್ದಾರೆ. ಇದೂ ಅದೇ ಬಗೆಯ ಕಣ್ಣಿನ ಪಳಗಿಕೆ.

ತೇಗದಲ್ಲಿ ಪ್ರತಿ ವರ್ಷದ ಬೆಳವಣಿಗೆಯ ಆರಂಭದಲ್ಲಿ ದೊಡ್ಡ ರಂಧ್ರಗಳು ಸಾಲಾಗಿ ನಿಂತು ಉಂಗುರವಾಗುತ್ತವೆ, ಮುಂದೆ ಹೋದಂತೆ ಕಿರಿದಾಗುತ್ತವೆ. ಮುಟ್ಟಿದರೆ ಎಣ್ಣೆಯ ಜಿಡ್ಡು, ಮೂಸಿದರೆ ಹಳೆಯ ಚರ್ಮದ ವಾಸನೆ. ನಂದಿಯಲ್ಲಿಯೂ ಉಂಗುರದಂತಹ ಸಾಲು ಕಾಣುವುದುಂಟು, ಆದರೆ ಆ ಜಿಡ್ಡೂ ವಾಸನೆಯೂ ಇಲ್ಲ. ಬಣ್ಣವೂ ಕೆಂಪಿನತ್ತ ವಾಲುತ್ತದೆ. ಗಂಧಗರಿಗೆಯಲ್ಲಿ ಉಂಗುರವಿದೆ, ಕೆಂಪೂ ಇದೆ, ಆದರೆ ಮರ ಹಗುರ ಮತ್ತು ಹೊಸದಾಗಿ ಕೊಯ್ದಾಗ ಪರಿಮಳ ಬರುತ್ತದೆ. ಹಲಸು ಮತ್ತು ಹೆಬ್ಬಲಸಿನಲ್ಲಿ ಬರಿಗಣ್ಣಿಗೆ ಕಾಣುವಷ್ಟು ದೊಡ್ಡ, ವಿರಳವಾದ ರಂಧ್ರಗಳು. ಹೊಸ ಕೊಯ್ತ ಅರಿಶಿನದಂತೆ ಹಳದಿ, ಬೆಳಕು ತಾಗಿದಂತೆ ಕಂದು. ಇವೆರಡನ್ನು ಮಸೂರದಿಂದ ಬೇರ್ಪಡಿಸುವುದು ಕಷ್ಟ, ಕಡೆಯುವವರಿಗೆ ಅದರಿಂದ ದೊಡ್ಡ ನಷ್ಟವೂ ಇಲ್ಲ.

ಸಿಲ್ವರ್ ಓಕ್ ಮಾತ್ರ ಯಾರಿಗೂ ಮೋಸ ಮಾಡಲಾರದು. ಅದರ ಕಿರಣರೇಖೆಗಳು ಬರಿಗಣ್ಣಿಗೇ ಎದ್ದು ಕಾಣುವಷ್ಟು ಅಗಲ. ಎರಡು ರೇಖೆಗಳ ನಡುವೆ ರಂಧ್ರಗಳು, ಕಂಬದಿಂದ ಕಂಬಕ್ಕೆ ಕಟ್ಟಿದ ತೋರಣದಂತೆ ಬಾಗಿ ಸಾಲುಗೂಡಿರುತ್ತವೆ. ನಡುವಿನಿಂದ ಹೊರಕ್ಕೆ ಸೀಳಿದ ಮುಖದಲ್ಲಿ ಆ ರೇಖೆಗಳು ಹಾವಿನ ಪೊರೆಯ ಹೊಳಪಿನ ಚುಕ್ಕೆಗಳಾಗಿ ಹರಡುತ್ತವೆ. ವಿದೇಶಗಳ ಕಡೆತಗಾರರು ಲೇಸ್ ವುಡ್ ಎಂದು ಕರೆದು ಮೆಚ್ಚುವ ಮರಗಳಲ್ಲಿ ಇದೂ ಒಂದು. ಕೊಡಗಿನಲ್ಲಿ ಅದು ಪ್ಲೈವುಡ್ ಕಾರ್ಖಾನೆಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಹೋಗುತ್ತದೆ. ಮನೆಯಂಗಳದ ಮರದ ಬೆಲೆ ಮನೆಯವರಿಗೆ ತಿಳಿಯದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಕಾಫಿ ಗಿಡದ್ದು ಇದಕ್ಕೆ ತದ್ವಿರುದ್ಧ. ತಿಳಿ ಹಳದಿಯ, ಒತ್ತಾದ ಮರ. ರಂಧ್ರಗಳು ಬರಿಗಣ್ಣಿಗೆ ಕಾಣವು, ಕೆಚ್ಚು ಮತ್ತು ಹೊರಪದರದ ನಡುವೆ ಬಣ್ಣದ ಭೇದವಿಲ್ಲ. ಹಳೆಯ ಗಿಡಗಳನ್ನು ಕಿತ್ತಾಗ ಸಿಗುವ ಬೊಡ್ಡೆಗಳು ಟೀಪಾಯಿಯ ಕಾಲುಗಳಾಗಿ ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ನಿಂತಿರುತ್ತವೆ. ಅರೇಬಿಕಾದ ಕಾಂಡದಲ್ಲಿ ಹುಡಿ ತುಂಬಿದ ಸುರಂಗಗಳು ಕಂಡರೆ ಅದು ಬಿಳಿ ಕಾಂಡಕೊರಕದ ಕೆಲಸ. ಅಂತಹ ಕಾಂಡವನ್ನು ತೋಟದಿಂದ ತೋಟಕ್ಕೆ ಒಯ್ಯಬಾರದು; ಹುಳು ಒಳಗೆ ಜೀವಂತವಿದ್ದರೆ ಕುಶಲ ವಸ್ತುವಿನ ಜೊತೆ ಕೀಟವೂ ಪಯಣಿಸುತ್ತದೆ.

ಬೀಟೆಯೋ, ಮತ್ತಿಯೋ?

ಕೊಡಗಿನ ನಾಟಾದಲ್ಲಿ ಅತಿ ಹೆಚ್ಚು ಗೊಂದಲ, ಅತಿ ಹೆಚ್ಚು ಪರಿಣಾಮ ಉಂಟುಮಾಡುವ ಪ್ರಶ್ನೆ ಇದು. ಎರಡೂ ಭಾರ, ಎರಡೂ ಕಂದು, ಎರಡರಲ್ಲಿಯೂ ಕಪ್ಪು ಗೆರೆಗಳು. ಮತ್ತಿಯನ್ನು ನಿಂತಿರುವಾಗ ಗುರುತಿಸಲು ಮಗುವಿಗೂ ಸಾಧ್ಯ, ಮೊಸಳೆಯ ಬೆನ್ನಿನಂತೆ ಸೀಳಿದ ತೊಗಟೆ ಅದರದ್ದು. ಹಲಗೆಯಾದ ಮೇಲೆ, ಚೆನ್ನಾಗಿ ಮೆರುಗು ಕೊಟ್ಟ ಮತ್ತಿಯನ್ನು ಬೀಟೆಯೆಂದು ಮಾರಿದರೆ ಕೊಳ್ಳುವವರು ಒಪ್ಪಿಬಿಡುತ್ತಾರೆ. ವ್ಯತಿರಿಕ್ತವೂ ನಡೆಯುತ್ತದೆ: ಬೀಟೆಯ ತುಂಡು ಕಾಡುಮರದ ಹೆಸರಿನಲ್ಲಿ ರಾಶಿಯೊಳಗೆ ಸೇರಿಕೊಳ್ಳುತ್ತದೆ. ಮೊದಲನೆಯದರಲ್ಲಿ ಹೋಗುವುದು ಹಣ. ಎರಡನೆಯದರಲ್ಲಿ ಕೊಂಡವನ ಮೇಲೆ ಅರಣ್ಯ ಮೊಕದ್ದಮೆ ಬೀಳಬಹುದು.

ಮೂರು ಸುಳುಹುಗಳು ಇಲ್ಲಿ ನೆರವಿಗೆ ಬರುತ್ತವೆ. ಹೊಸದಾಗಿ ಕೊಯ್ದ ಬೀಟೆಗೆ ಸಿಹಿಯಾದ ಪರಿಮಳವಿದೆ, ಆಂಗ್ಲರು ಅದಕ್ಕೆ ಗುಲಾಬಿಯ ಹೆಸರಿಟ್ಟದ್ದು ಆ ಕಾರಣಕ್ಕೆ. ಮತ್ತಿಗೆ ಹೇಳಿಕೊಳ್ಳುವ ವಾಸನೆಯಿಲ್ಲ. ಬೀಟೆಯ ಕಂದಿನಲ್ಲಿ ನೇರಳೆಯ ಛಾಯೆಯಿದೆ. ಮೂರನೆಯದು ಎಲ್ಲಕ್ಕಿಂತ ನಂಬಲರ್ಹ. ತೊಗಟೆಗೆ ಎದುರಾದ ಮುಖವನ್ನು ನುಣ್ಣಗೆ ಕೆತ್ತಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಬೀಟೆಯಲ್ಲಿ ಅತಿ ಸೂಕ್ಷ್ಮವಾದ, ಸಮಾನಾಂತರದ ಅಡ್ಡಗೆರೆಗಳು ಕಾಣುತ್ತವೆ, ಗಾಳಿಗೆ ಕೆರೆಯ ನೀರಿನ ಮೇಲೆ ಏಳುವ ಕಿರುದೆರೆಗಳಂತೆ. ಜೀವಕೋಶಗಳು ಮಹಡಿಯ ಮೇಲೆ ಮಹಡಿಯಂತೆ ಒಂದೇ ಮಟ್ಟದಲ್ಲಿ ಜೋಡಣೆಯಾಗಿರುವುದರಿಂದ ಈ ಗೆರೆಗಳು ಮೂಡುತ್ತವೆ. ಮತ್ತಿಯಲ್ಲಿ ಆ ಜೋಡಣೆಯಿಲ್ಲ. ಬಣ್ಣ ಹಚ್ಚಬಹುದು, ಅತ್ತರು ಸವರಬಹುದು. ಜೀವಕೋಶಗಳ ಸಾಲನ್ನು ಬದಲಿಸಲು ಯಾವ ವ್ಯಾಪಾರಿಗೂ ಸಾಧ್ಯವಿಲ್ಲ.

ಇದೇ ಕಿರುದೆರೆ ಹೊನ್ನೆಯಲ್ಲಿಯೂ ಇದೆ, ಏಕೆಂದರೆ ಅದೂ ಬೀಟೆಯ ಕುಟುಂಬದ್ದೇ. ಅದನ್ನು ಬೇರ್ಪಡಿಸಲು ಅಡುಗೆಮನೆಯ ಪರೀಕ್ಷೆ ಸಾಕು. ಕೆಚ್ಚಿನ ಸಿಬಿರುಗಳನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿ ಕೆಲಹೊತ್ತು ಬಿಟ್ಟು, ಕಪ್ಪು ಹಿನ್ನೆಲೆಯ ಮುಂದೆ ಬಿಸಿಲಿಗೆ ಹಿಡಿಯಬೇಕು. ನೀರು ಹೊಂಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ನೀಲಿಯ ಮಿನುಗು ಕಂಡರೆ ಅದು ಹೊನ್ನೆ.

ಈ ನೀಲಿ ಮಿನುಗಿಗೆ ಒಂದು ಮಾರುಕಟ್ಟೆಯೇ ಹುಟ್ಟಿಕೊಂಡಿದೆ. ಮಧುಮೇಹಕ್ಕೆ ಮದ್ದೆಂದು ರಾಜ್ಯದಾದ್ಯಂತ ಮಾರಾಟವಾಗುವ ಮರದ ಲೋಟಗಳು ಹೊನ್ನೆಯಿಂದ ಕಡೆದವು, ಅಥವಾ ಹಾಗೆಂದು ಹೇಳಲಾದವು. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯಬೇಕೆಂಬುದು ರೂಢಿ. ಹೊನ್ನೆ ಆಯುರ್ವೇದದ ವಿಜಯಸಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಪ್ರಯೋಗದ ವರದಿ 1998ರಲ್ಲಿ ಪ್ರಕಟವಾದದ್ದೂ ನಿಜ, ಹೊಸದಾಗಿ ಮಧುಮೇಹ ಕಂಡುಬಂದ ರೋಗಿಗಳಲ್ಲಿ ಅನೇಕರಿಗೆ ಸಕ್ಕರೆ ಹತೋಟಿಗೆ ಬಂದದ್ದೂ ನಿಜ. ಆದರೆ ಅಲ್ಲಿ ಬಳಸಿದ್ದು ಅಳತೆಗೊಳಪಟ್ಟ ಸಾರ, ಅದೂ ವೈದ್ಯರ ನಿಗಾದಲ್ಲಿ. ಲೋಟದ ನೀರಿಗೆ ಎಷ್ಟು ಸಾರ ಇಳಿಯುತ್ತದೆ ಎಂಬುದು ಮರದಿಂದ ಮರಕ್ಕೆ, ದಿನದಿಂದ ದಿನಕ್ಕೆ ಬೇರೆ. ಲೋಟವನ್ನು ನೆಚ್ಚಿ ಗುಳಿಗೆ ಬಿಟ್ಟವರಿಗೆ ಅಪಾಯವಿದೆ. ಲೋಟವೇ ಹೊನ್ನೆಯದ್ದಲ್ಲವಾದರೆ ಅಪಾಯ ಇಮ್ಮಡಿ. ಬಣ್ಣ ಬಿಟ್ಟ ಮಾತ್ರಕ್ಕೆ ಹೊನ್ನೆಯೆನ್ನಲಾಗದು. ಬಣ್ಣ ಬಿಡುವ ಮರಗಳು ಬೇಕಾದಷ್ಟಿವೆ. ನೋಡಬೇಕಾದ್ದು ನೀಲಿ.

ಚರ್ಮ ಸುಡುವ ಮರ

ಹೆಸರಿಲ್ಲದ ತುಂಡನ್ನು ಲೇತ್‌ಗೆ ಏರಿಸುವವರು ಎಲ್ಲಕ್ಕಿಂತ ಮೊದಲು ಅರಿತಿರಬೇಕಾದ ಮರ ಹೊಲಗೇರು. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಸಾಮಾನ್ಯವಾದ, ಗೋಡಂಬಿ ಮತ್ತು ಮಾವಿನ ಕುಟುಂಬಕ್ಕೆ ಸೇರಿದ ಮರವಿದು. ಇದರ ಸೊನೆ ಗಾಳಿಗೆ ಕಪ್ಪಾಗುತ್ತದೆ. ಮೈಗೆ ತಾಗಿದರೆ ಬೊಬ್ಬೆ, ಊತ, ವಾರಗಟ್ಟಲೆ ಕೆರೆತ. ನೆರೆಯ ಕೇರಳದಲ್ಲಿ ಇದನ್ನು ಚೇರು ಎನ್ನುತ್ತಾರೆ. ಚೇರು ಮುನಿದರೆ ತಾರೆಮರಕ್ಕೆ ಪ್ರದಕ್ಷಿಣೆ ಬರಬೇಕೆಂಬ ನಂಬಿಕೆಯೂ ಅಲ್ಲಿದೆ. ತೋಟದ ಕೆಲಸಗಾರರು ನಿಂತ ಮರವನ್ನು ಕಂಡರೆ ದೂರದಿಂದಲೇ ಸುತ್ತಿ ಹೋಗುತ್ತಾರೆ. ತುಂಡಾದ ಮರದಲ್ಲಿ ಉಳಿಯುವ ಎಚ್ಚರಿಕೆ ಎಂದರೆ ತೊಗಟೆಯ ಅಂಚಿನಲ್ಲಿ, ಕೊಯ್ತದ ಮುಖದಲ್ಲಿ ಡಾಂಬರಿನಂತೆ ಇಳಿದು ಗಟ್ಟಿಯಾದ ಕಪ್ಪು ಕಲೆ. ಅಂತಹ ಕಲೆಯಿರುವ ಅಪರಿಚಿತ ತುಂಡನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವ ಕುತೂಹಲವೂ ಬೇಡ. ಅದನ್ನು ಒಲೆಗೆ ಹಾಕುವುದೂ ಕೂಡದು, ಹೊಗೆಯೂ ಉರಿಯುಂಟುಮಾಡಬಲ್ಲದು.

ಉಳಿದ ಮರಗಳು ಇಷ್ಟು ಉಗ್ರವಲ್ಲ, ನಿರಪಾಯವೂ ಅಲ್ಲ. ಬೀಟೆ ಮತ್ತು ತೇಗದ ಪುಡಿ ಕೆಲವರ ಚರ್ಮಕ್ಕೆ ಒಗ್ಗದು. ಸಿಲ್ವರ್ ಓಕ್ ಕೂಡ ಹಾಗೆಯೇ. ಕಾಸರಕದ ಬೀಜ, ತೊಗಟೆಗಳಲ್ಲಿ ಕಡುವಿಷವಿರುವುದರಿಂದ ಊಟದ ಪಾತ್ರೆಗೆ ಆ ಮರವನ್ನು ಎಣಿಸಲೂಬಾರದು. ಯಾವ ಮರವೇ ಇರಲಿ, ಪುಡಿಯೇ ಶತ್ರು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ 1995ರಲ್ಲಿಯೇ ಸೇರಿಸಿತು. ಮುಖಕ್ಕೆ ಕಟ್ಟುವ ಕರವಸ್ತ್ರ ಈ ಪುಡಿಯನ್ನು ತಡೆಯದು, ಧೂಳು ಸೋಸುವ ಸರಿಯಾದ ಮಾಸ್ಕ್ ಬೇಕು. ಮೂಸಿ ನೋಡಿ ಮರ ಗುರುತಿಸುವ ಪದ್ಧತಿಯನ್ನೂ ಇದೇ ಎಚ್ಚರದಿಂದ ಬಳಸಬೇಕು. ನೆಕ್ಕಿ ನೋಡುವ ಹಳೆಯ ರೂಢಿಯನ್ನಂತೂ ಪೂರ್ತಿ ಕೈಬಿಡಬೇಕು.

ತೂಕ, ಬೂಷ್ಟು, ಮತ್ತಿತರ ಮೋಸಗಳು

ಭಾರ ನೋಡಿ ಮರ ಹೇಳುವವರಿದ್ದಾರೆ. ಒಣಗಿದ ಮರಕ್ಕೆ ಆ ಲೆಕ್ಕ ಸರಿ. ಹತ್ತು ಸೆಂಟಿಮೀಟರ್ ಉದ್ದ, ಐದು ಅಗಲ, ಎರಡು ದಪ್ಪದ ತುಂಡು ಎಂದರೆ ನೂರು ಘನ ಸೆಂಟಿಮೀಟರ್. ಅದು ತೇಗವಾದರೆ ಅರುವತ್ತೈದು ಗ್ರಾಂ ಆಸುಪಾಸು ತೂಗೀತು, ಬೀಟೆ ಅಥವಾ ಮತ್ತಿಯಾದರೆ ಎಂಬತ್ತು ದಾಟೀತು, ನಾಗಸಂಪಿಗೆಯಾದರೆ ನೂರರ ಸಮೀಪ ಬಂದು ನೀರಿನಲ್ಲಿ ಮುಳುಗುವ ಹಂತದಲ್ಲಿರುತ್ತದೆ. ಹಸಿ ಮರದಲ್ಲಿ ಈ ಲೆಕ್ಕ ಪೂರ್ತಿ ಕೆಡುತ್ತದೆ. ಮಳೆಗಾಲದ ಹಸಿ ಸಿಲ್ವರ್ ಓಕ್ ಒಣಗಿದ ಮತ್ತಿಗಿಂತ ಭಾರವಿದ್ದರೆ ಅಚ್ಚರಿಯಿಲ್ಲ.

ಕೊಡಗಿನ ತೇವಕ್ಕೆ ಇನ್ನೊಂದು ಮೋಸಗಾರ ಹುಟ್ಟುತ್ತಾನೆ, ಅವನೇ ಬೂಷ್ಟು. ಬಿದ್ದ ಮರದ ಬಿಳಿ ಭಾಗದಲ್ಲಿ ಶಿಲೀಂಧ್ರ ಹರಡಿ, ಮಸಿಯಲ್ಲಿ ಗೀಚಿದಂತಹ ಕಪ್ಪು ಗೆರೆಗಳನ್ನು, ನೀಲಿ ಛಾಯೆಯನ್ನು ಬಿಡಿಸುತ್ತದೆ. ಕಡೆದ ಬಟ್ಟಲಿನಲ್ಲಿ ಅದು ಬಲು ಚೆಂದ, ಅದಕ್ಕೆಂದೇ ಹುಡುಕಿ ಕೊಳ್ಳುವವರಿದ್ದಾರೆ. ಆದರೆ ಆ ಗೆರೆ ಮರದ್ದಲ್ಲ, ಅದನ್ನು ನೋಡಿ ಜಾತಿ ಹೇಳುವಂತಿಲ್ಲ. ಮೊಬೈಲ್ ಕ್ಯಾಮೆರಾದ ಆ್ಯಪ್‌ಗಳೂ ಇಲ್ಲಿ ನೆಚ್ಚಿಗೆಗೆ ಯೋಗ್ಯವಲ್ಲ. ಎಲೆ, ಹೂವಿಗೆ ಅವು ಉಪಯುಕ್ತ. ಮೆರುಗು ಕೊಟ್ಟ ಹಲಗೆಯ ಚಿತ್ರಕ್ಕೆ ಅವು ಕೊಡುವ ಹೆಸರು ಬರೀ ಊಹೆ.

ಮಸೂರದ ವಿದ್ಯೆಗೂ ಒಂದು ಗಡಿಯಿದೆ. ಅದು ಸಾಮಾನ್ಯವಾಗಿ ಮರದ ಕುಲದವರೆಗೆ ಕರೆದೊಯ್ಯುತ್ತದೆ, ಪ್ರಭೇದದ ಬಾಗಿಲಲ್ಲಿ ನಿಲ್ಲುತ್ತದೆ. ನೇರಳೆಯ ಕುಲದಲ್ಲಿ ಘಟ್ಟದುದ್ದಕ್ಕೂ ಹಲವಾರು ಪ್ರಭೇದಗಳಿವೆ. ನಾಟಾ ನೋಡಿ ಇಂಥದ್ದೇ ನೇರಳೆ ಎಂದು ಹೇಳುವುದು ಪ್ರಯೋಗಾಲಯದ ಸೂಕ್ಷ್ಮದರ್ಶಕಕ್ಕೂ ಕಷ್ಟವೇ.

ಪಾಸ್ ಇಲ್ಲದ ಮರ

ರಾಜ್ಯದಲ್ಲಿ ಮರ ಕಡಿಯಲು 1976ರ ಮರಗಳ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕು. ಸಿಲ್ವರ್ ಓಕ್‌ನಂತಹ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಬೀಟೆ, ತೇಗ, ಹೊನ್ನೆ, ಮತ್ತಿಯಂತಹ ನಾಟಾ ಸಾಗಿಸಲು ಅರಣ್ಯ ಇಲಾಖೆಯ ಪಾಸ್ ಬೇಕು. ಶ್ರೀಗಂಧದ ಕಾನೂನು ಇನ್ನೂ ಬಿಗಿ. ಅಂದರೆ ವಿನಾಯಿತಿ ಇದೆಯೋ ಇಲ್ಲವೋ ಎಂಬುದು ನಿಂತಿರುವುದೇ ಮರದ ಗುರುತಿನ ಮೇಲೆ.

ಕೊಡಗಿನಲ್ಲಿ ಇದರ ಮೇಲೆ ಮತ್ತೊಂದು ಪದರವಿದೆ. ಇಲ್ಲಿನ ಜಮ್ಮಾ, ಬಾಣೆ ಜಮೀನುಗಳ ವಿಚಿತ್ರ ಇತಿಹಾಸದಿಂದಾಗಿ ಮರದ ಹಕ್ಕು ಎಲ್ಲರಿಗೂ ಒಂದೇ ಅಲ್ಲ. ಮರದ ಮೌಲ್ಯವನ್ನು ಹಿಂದೆಯೇ ಸರ್ಕಾರಕ್ಕೆ ಸಂದಾಯ ಮಾಡಿದ ಜಮೀನು ರಿಡೀಮ್ಡ್; ಮಾಡದಿದ್ದರೆ ಅನ್‌ರಿಡೀಮ್ಡ್. ಎರಡನೆಯ ಬಗೆಯಲ್ಲಿ ಜಮೀನು ಸಾಗುವಳಿದಾರನದ್ದಾದರೂ ಮರದ ಮೌಲ್ಯ ಸರ್ಕಾರಕ್ಕೆ ಸಲ್ಲಬೇಕು. ಜಿಲ್ಲೆಯ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳ ಮರವಂತೂ ಸಂಪ್ರದಾಯದಂತೆಯೂ ಮುಟ್ಟತಕ್ಕದ್ದಲ್ಲ. ಆದ್ದರಿಂದ ಬೆಂಗಳೂರಿನ ಹವ್ಯಾಸಿ ಕಾರಿನ ಹಿಂಬದಿಯಲ್ಲಿ ತುಂಡೊಂದನ್ನು ಹಾಕಿಕೊಂಡು ಹೊರಡುವ ಮುನ್ನ ಯಾವ ಮರ ಎಂಬುದರ ಜೊತೆಗೆ ಯಾರ ಮರ ಎಂದೂ ಕೇಳಬೇಕಾಗುತ್ತದೆ.

ಕಡೆದ ವಸ್ತು ದೇಶ ಬಿಟ್ಟು ಹೊರಟರೆ ಅಂತರರಾಷ್ಟ್ರೀಯ ಒಪ್ಪಂದ ಎದುರಾಗುತ್ತದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಪಟ್ಟಿಗೆ ಬೀಟೆಯ ಇಡೀ ಕುಲ 2017ರ ಜನವರಿ 2ರಿಂದ ಸೇರಿತು. ಭಾರತದ ಕರಕುಶಲ ರಫ್ತುದಾರರ ಒತ್ತಾಯದ ಬಳಿಕ, 2022ರ ನವೆಂಬರ್‌ನಲ್ಲಿ ಪನಾಮಾದಲ್ಲಿ ನಡೆದ ಸಭೆ, ಒಂದೊಂದು ವಸ್ತುವಿನ ತೂಕ 10 ಕಿಲೋಗ್ರಾಮಿಗಿಂತ ಕಡಿಮೆಯಿದ್ದರೆ ಸೈಟ್ಸ್ ಪರವಾನಗಿ ಬೇಕಿಲ್ಲವೆಂದು ಸಡಿಲಿಸಿತು. ವಿದೇಶದ ಸುಂಕದ ಅಧಿಕಾರಿ ಮಾತ್ರ ಕಾಡುಮರ ಎಂಬ ಉತ್ತರವನ್ನು ಒಪ್ಪುವವನಲ್ಲ.

ಹೆಸರು ಕೇಳುವುದೆಲ್ಲಿ?

ಸಂದೇಹ ಉಳಿದರೆ ದಾರಿ ಬೆಂಗಳೂರಿನ ಮಲ್ಲೇಶ್ವರಕ್ಕೆ. ಅಲ್ಲಿನ 18ನೇ ಅಡ್ಡರಸ್ತೆಯ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದದ್ದು. ಹೆಸರು ಖಚಿತವಾಗಿರುವ ಮರಗಳ ಮಾದರಿಗಳನ್ನು ಪುಸ್ತಕ ಭಂಡಾರದಂತೆ ಜೋಡಿಸಿಟ್ಟ ಸಂಗ್ರಹ ಅಲ್ಲಿದೆ. ಬಂದ ತುಂಡಿನ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಂಗ್ರಹದ ಮಾದರಿಯೊಡನೆ ಹೋಲಿಸಿ ಹೆಸರು ತಿಳಿಸುವ ಸೇವೆ ಸಾರ್ವಜನಿಕರಿಗೂ ನಿಗದಿತ ಶುಲ್ಕಕ್ಕೆ ಲಭ್ಯ. ವಂಶವಾಹಿ ಪರೀಕ್ಷೆಯ ಮಾತು ಇತ್ತೀಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಆದರೆ ಕೆಚ್ಚು ಎಂದರೆ ಸತ್ತ ಜೀವಕೋಶಗಳ ರಾಶಿ. ಒಣಗಿದ ನಾಟಾದಿಂದ ವಂಶವಾಹಿ ತೆಗೆಯುವುದು ಎಲೆಯಿಂದ ತೆಗೆದಷ್ಟು ಸುಲಭವಲ್ಲ.

ಜಿಲ್ಲೆಯಲ್ಲಿಯೇ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವಿದೆ. ನಿಂತ ಮರವನ್ನು ಗುರುತಿಸಬೇಕಾದವರಿಗೆ ಕೇಶವಮೂರ್ತಿ ಮತ್ತು ಯೋಗನರಸಿಂಹನ್ ಅವರು 1990ರಲ್ಲಿ ಹೊರತಂದ ಕೊಡಗಿನ ಸಸ್ಯಸಂಪತ್ತಿನ ಗ್ರಂಥ ಈಗಲೂ ಆಧಾರ.

ಮಾದರಿ ಕಳಿಸುವವರು ಗಮನಿಸಬೇಕಾದ್ದು ಸ್ವಲ್ಪವೇ. ತುಂಡು ಕೆಚ್ಚಿನದ್ದಾಗಿರಬೇಕು, ಕೊಂಬೆಯದ್ದಾಗಲೀ ಬೇರಿನದ್ದಾಗಲೀ ಆಗಿರಬಾರದು. ಅವುಗಳ ರಚನೆ ಕಾಂಡದ್ದರಂತಿರುವುದಿಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಿದ್ದರೆ ನೋಡಲು ಅನುಕೂಲ. ಮೆರುಗು, ಎಣ್ಣೆ, ಬಣ್ಣ ತಾಗಿರಬಾರದು. ಎಲ್ಲಿ ಸಿಕ್ಕಿತು, ತೋಟದ್ದೋ ಹೊಳೆಯಲ್ಲಿ ತೇಲಿ ಬಂದದ್ದೋ, ಊರಿನವರು ಏನೆಂದು ಕರೆಯುತ್ತಾರೆ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಇನ್ನು ಮರ ಬಿದ್ದ ದಿನವೇ ತೋಟದಲ್ಲಿರುವ ಅದೃಷ್ಟವಂತರಿಗೆ ಈ ಯಾವ ತೊಂದರೆಯೂ ಇಲ್ಲ. ಒಂದು ರೆಂಬೆ ಎಲೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿಟ್ಟು, ತೊಗಟೆಯ ಚಿತ್ರ ತೆಗೆದು, ಲೈನ್ ಮನೆಯ ಹಿರಿಯರು ಹೇಳಿದ ಹೆಸರನ್ನು ದಿಮ್ಮಿಯ ತಲೆಯ ಮೇಲೆ ಬಣ್ಣದಲ್ಲಿ ಬರೆದರಾಯಿತು. ಅದೇ ತಲೆಗೆ ಮೇಣ ಸವರಿದರೆ ಒಣಗುವಾಗ ಬಿರುಕೂ ಕಡಿಮೆ.